ಎಲ್ ಫಾಶಿರ್‌ನಲ್ಲಿ ನಮ್ಮವರು ಸಿಕ್ಕಿಬಿದ್ದದ್ದು ಯಾರ ಜಗಳದಲ್ಲಿ?



ಹಾಸ್ಟೆಲ್ಲಿನ ಊಟದ ಸಾಲಿನಲ್ಲಿ ಕೇಳಿದ ಒಂದು ಮಾತು ನಮ್ಮನ್ನು ಇನ್ನೂ ಚುಚ್ಚುತ್ತಿದೆ. ಸುಡಾನಿನ ಸುದ್ದಿ ಬಂದಾಗ ನಮ್ಮವನೇ ಒಬ್ಬ, 'ಅಲ್ಲ ಕಣ್ರೋ, ಇವ್ರಿಗೆ ಅಷ್ಟು ದೂರ ಹೋಗಿ ಅಂದೋರು ಯಾರು? ಅಲ್ಲಿ ಜನ ಹೊಡೆದಾಡ್ಕೊಂಡು ಸಾಯ್ತಾರೆ, ಇವ್ರು ಎಣ್ಣೆ ಮಾರೋಕೆ ಹೋಗ್ತಾರೆ' ಅಂದ. ಸಾಲಿನಲ್ಲಿದ್ದವರು ನಕ್ಕರು. ನಾವು ಸುಮ್ಮನೆ ತಟ್ಟೆ ಹಿಡಕೊಂಡು ನಿಂತಿದ್ದೆವು. ಆವತ್ತು ಹೇಳಬೇಕಾಗಿದ್ದ ಮಾತನ್ನು ಈಗ ಬರೆಯುತ್ತಿದ್ದೇವೆ.

2023ರ ಏಪ್ರಿಲ್ 15ರಂದು ಸುಡಾನ್ ದೇಶದಲ್ಲಿ ಎರಡು ಪಡೆಗಳು ಒಂದರ ಮೇಲೊಂದು ಬಿದ್ದವು. ಒಂದು ಜನರಲ್ ಬುರ್ಹಾನನ ಸರ್ಕಾರಿ ಸೈನ್ಯ, ಇನ್ನೊಂದು ಹೆಮೆಡ್ತಿಯ ಆರ್‌ಎಸ್‌ಎಫ್ ಪಡೆ. ಆ ಹೊತ್ತಿಗೆ ಶಿವಮೊಗ್ಗ, ದಾವಣಗೆರೆ, ಮೈಸೂರು ಕಡೆಯ ಹಕ್ಕಿಪಿಕ್ಕಿ ಜನ ಅಲ್ಲಿದ್ದರು. ಗಿಡಮೂಲಿಕೆ, ಎಣ್ಣೆ ಮಾರಲು ಹೋದವರು. ಡಾರ್ಫುರ್ ಸೀಮೆಯ ಎಲ್ ಫಾಶಿರ್ ಊರಲ್ಲಿ ಕೆಲವರು ಬಾಡಿಗೆ ಮನೆಯೊಳಗೆ ಅನ್ನ ನೀರಿಲ್ಲದೆ, ಹೊರಗೆ ಗುಂಡಿನ ಸದ್ದು ಕೇಳುತ್ತಾ ಕೂತಿದ್ದರು.

ಯಾಕೆ ಹೋದರು? ಹಕ್ಕಿ ಹಿಡಿದು ಬದುಕುತ್ತಿದ್ದ ಜನ ಅವರು. 1972ರ ವನ್ಯಜೀವಿ ಕಾಯಿದೆ ಆ ಕಸುಬನ್ನು ಅಪರಾಧ ಮಾಡಿತು. ಕಸುಬು ಕಿತ್ತುಕೊಂಡವರು ಬದಲಿಗೆ ಕೊಟ್ಟಿದ್ದೇನು ಅಂತ ಕ್ಯಾಂಪುಗಳಿಗೆ ಹೋಗಿ ನೋಡಬೇಕು. ಇನ್ನು ಭದ್ರಾವತಿ ನೋಡಿ. ಕಾಗದದ ಕಾರ್ಖಾನೆಯ ಯಂತ್ರಗಳು 2015ರಲ್ಲೇ ನಿಂತವು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವುದಾಗಿ ತೀರ್ಮಾನವಾಗಿ ಗುತ್ತಿಗೆ ಕಾರ್ಮಿಕರು ಬೀದಿಯಲ್ಲಿ ಕೂತರು. ಆ ತೀರ್ಮಾನ ಆಮೇಲೆ ಸಡಿಲವಾಯಿತು, ಅದು ಬೇರೆ ಮಾತು. ಕುಲುಮೆ ಕೆಲಸ ಬಲ್ಲವನಿಗೇ ಇಲ್ಲಿ ನೆಲೆಯಿಲ್ಲದ ಕಾಲದಲ್ಲಿ, ಎಣ್ಣೆ ಶೀಶೆಯೊಂದೇ ಬಂಡವಾಳವಾದವನು ಆಫ್ರಿಕಕ್ಕೆ ಹೋದರೆ ಅದು ದುರಾಸೆಯೆ?

ಏಪ್ರಿಲ್ 18ರಂದು ಸಿದ್ದರಾಮಯ್ಯನವರು ಇವರನ್ನು ಕರೆತನ್ನಿ ಎಂದು ಬರೆದರು. ವಿದೇಶಾಂಗ ಮಂತ್ರಿ ಜೈಶಂಕರ್ ಅದು ರಾಜಕೀಯ ಎಂದು ರೇಗಿದರು. ಚುನಾವಣೆ ಹತ್ತಿರವಿತ್ತು. 'ಆಪರೇಷನ್ ಕಾವೇರಿ'ಯಲ್ಲಿ 3,800ಕ್ಕೂ ಹೆಚ್ಚು ಭಾರತೀಯರನ್ನು ಸರ್ಕಾರ ಕರೆತಂದಿತು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಮೇ 7ರಂದು ಪ್ರಧಾನಿ ಶಿವಮೊಗ್ಗಕ್ಕೆ ಪ್ರಚಾರಕ್ಕೆ ಬಂದಾಗ ವಾಪಸು ಬಂದ ಹಕ್ಕಿಪಿಕ್ಕಿಗಳನ್ನು ಕಂಡರು. ಮೇ 10ಕ್ಕೆ ಮತದಾನ. ಈ ಎಲ್ಲ ಗದ್ದಲದಲ್ಲಿ, ಆ ಜಗಳ ಹುಟ್ಟಿದ್ದೆಲ್ಲಿ ಅಂತ ಒಬ್ಬರೂ ಕೇಳಲಿಲ್ಲ.

'ಅಲ್ಲಿನ ಜನ ಹೊಡೆದಾಡ್ತಾರೆ' ಅನ್ನುವುದು ದೊಡ್ಡ ಸುಳ್ಳು. 1898ರಲ್ಲಿ ಬ್ರಿಟಿಷರು ಓಮ್ದುರ್ಮಾನ್ ಬಯಲಲ್ಲಿ ಮೆಷಿನ್‌ಗನ್ನಿಂದ ಸಾವಿರಾರು ಸುಡಾನಿಗಳನ್ನು ಉರುಳಿಸಿ ಆ ನೆಲ ಹಿಡಿದರು. ಉತ್ತರ ಬೇರೆ, ದಕ್ಷಿಣ ಬೇರೆ ಎಂದು ಆಳಿದರು. 1956ರಲ್ಲಿ ಹೊರಟಾಗ ಆ ಬಿರುಕು ಹಾಗೇ ಉಳಿಯಿತು. 1998ರಲ್ಲಿ ಅಮೆರಿಕ ಖಾರ್ಟೂಮಿನ ಔಷಧಿ ಕಾರ್ಖಾನೆಯನ್ನು ವಿಷಾನಿಲದ ಕಾರ್ಖಾನೆ ಎಂದು ಹೇಳಿ ಕ್ಷಿಪಣಿ ಹೊಡೆದು ಸುಟ್ಟಿತು. ಆ ಮಾತು ಸಾಬೀತಾಗಲೇ ಇಲ್ಲ. 2003ರಿಂದ ಸರ್ವಾಧಿಕಾರಿ ಬಶೀರ್ ಡಾರ್ಫುರಿನ ಜನರ ಮೇಲೆ ಜಂಜವೀದ್ ಎಂಬ ಕುದುರೆ, ಒಂಟೆ ಸವಾರರ ದಂಡನ್ನು ಛೂ ಬಿಟ್ಟ. ಅವರಿಂದಲೇ 2013ರಲ್ಲಿ ಆರ್‌ಎಸ್‌ಎಫ್ ಕಟ್ಟಿದ್ದು. 2015ರಿಂದ ಸೌದಿ ಮತ್ತು ಎಮಿರೇಟ್ಸ್ ದೊರೆಗಳು ಯೆಮನ್ ಯುದ್ಧಕ್ಕೆ ಇದೇ ಪಡೆಯವರನ್ನು ಕೂಲಿಗೆ ಕರೆದೊಯ್ದರು. ಹೆಮೆಡ್ತಿ ಚಿನ್ನದ ಗಣಿಗಳನ್ನೂ ಕಬಳಿಸಿದ. ಅಲ್ಲಿಂದಾಚೆ ಅವನು ಯಾರ ಮಾತೂ ಕೇಳಬೇಕಾಗಿರಲಿಲ್ಲ.

ನಿಮ್ಮ ವಯಸ್ಸಿನವರ ಕತೆ ಇಲ್ಲಿದೆ. 2019ರಲ್ಲಿ ಸುಡಾನಿನ ವಿದ್ಯಾರ್ಥಿಗಳು, ಹೆಣ್ಣುಮಕ್ಕಳು, ಕಾರ್ಮಿಕರು ಬೀದಿಗಿಳಿದು 30 ವರ್ಷದ ಬಶೀರನನ್ನು ಇಳಿಸಿದರು. ಜೂನ್ 3ರಂದು ಧರಣಿ ಕೂತವರ ಮೇಲೆ ಗುಂಡು ಹಾರಿಸಿ ನೂರಕ್ಕೂ ಹೆಚ್ಚು ಜನರನ್ನು ಕೊಂದರು. ಕೊಂದ ಜನರಲ್‌ಗಳನ್ನೇ ದೊಡ್ಡ ದೇಶಗಳು ಮಾತುಕತೆಗೆ ಕೂರಿಸಿದವು. ಬೀದಿಯ ಹುಡುಗರು ಹೊರಗೇ ಉಳಿದರು. 2020ರಲ್ಲಿ ಅಮೆರಿಕ ಸುಡಾನನ್ನು ಭಯೋತ್ಪಾದಕ ಪಟ್ಟಿಯಿಂದ ತೆಗೆಯಿತು, ಇಸ್ರೇಲಿನ ಜೊತೆ ಕೈ ಕುಲುಕಬೇಕು ಅನ್ನೋ ಒತ್ತಡದ ಜೊತೆಗೇ. 2021ರ ಅಕ್ಟೋಬರಿನಲ್ಲಿ ಆ ಇಬ್ಬರು ಜನರಲ್‌ಗಳು ಸೇರಿಯೇ ಸರ್ಕಾರ ಬೀಳಿಸಿದರು. ಪಾಲು ಹಂಚಿಕೆಯಲ್ಲಿ ಕೆಟ್ಟು ಹೊಡೆದಾಡಿದ್ದು ಆಮೇಲೆ.

ಸಾಮ್ರಾಜ್ಯಶಾಹಿ ಅಂದರೆ ಅಮೆರಿಕ ಒಂದೇ ಎಂದು ಭಾಷಣ ಬಿಗಿಯುವ ನಮ್ಮ ಕೆಲವು ಸಂಗಾತಿಗಳಿಗೆ ಒಂದು ಮಾತು. ಎಮಿರೇಟ್ಸ್ ಆರ್‌ಎಸ್‌ಎಫ್‌ಗೆ ಆಯುಧ ಕಳಿಸುತ್ತಿದೆ ಎಂಬ ಆರೋಪ ನಂಬುವಂಥದ್ದು ಎಂದು ವಿಶ್ವಸಂಸ್ಥೆಯ ತಜ್ಞರೇ ಹೇಳಿದರು. ಅವರು ಅಲ್ಲ ಅಂತಾರೆ. ಈಜಿಪ್ಟ್ ಸೈನ್ಯದ ಕಡೆ. ಇರಾನ್ ಅದೇ ಸೈನ್ಯಕ್ಕೆ ಡ್ರೋನ್ ಕೊಟ್ಟಿತು. ರಷ್ಯಾದ ಬಾಡಿಗೆ ಪಡೆ ಚಿನ್ನಕ್ಕಾಗಿ ಹೆಮೆಡ್ತಿಯ ಹಿಂದಿತ್ತು. ಆಮೇಲೆ ಕೆಂಪು ಸಮುದ್ರದಲ್ಲಿ ನೌಕಾನೆಲೆಯ ಆಸೆಗೆ ರಷ್ಯಾ ಬುರ್ಹಾನನ ಕಡೆ ವಾಲಿತು. 2024ರ ನವೆಂಬರಿನಲ್ಲಿ ಭದ್ರತಾ ಮಂಡಳಿಯ 14 ದೇಶಗಳು ಕದನ ನಿಲ್ಲಲಿ ಎಂದವು, ರಷ್ಯಾ ಒಂದೇ ವೀಟೋ ಹಾಕಿತು.

ನಮ್ಮ ಕೈಯೂ ಪೂರಾ ತೊಳೆದದ್ದಲ್ಲ. ಸುಡಾನಿನ ಚಿನ್ನ ಹೆಚ್ಚಾಗಿ ಹೋಗುವುದು ದುಬೈಗೆ. ಭಾರತ 2022ರ ಒಪ್ಪಂದದಲ್ಲಿ ಎಮಿರೇಟ್ಸ್‌ನಿಂದ ವರ್ಷಕ್ಕೆ 200 ಟನ್‌ವರೆಗೆ ಚಿನ್ನ ತರಿಸಲು ಸುಂಕ ಇಳಿಸಿದೆ. ಗಾಂಧಿ ಬಜಾರಿನ ಗಾಜಿನೊಳಗಿನ ಸರದ ಮೇಲೆ ಅದು ಯಾವ ಗಣಿಯದು ಅಂತ ಬರೆದಿರೋದಿಲ್ಲ.

ನಮ್ಮವರು ವಾಪಸು ಬಂದರು. ಎಲ್ ಫಾಶಿರ್ ಜನಕ್ಕೆ ಹಡಗು ಬರಲಿಲ್ಲ. 2024ರಿಂದ ಆ ಊರನ್ನು ಆರ್‌ಎಸ್‌ಎಫ್ ಸುತ್ತುವರಿದು ಜನ ದನದ ಮೇವು ತಿನ್ನುವ ಸ್ಥಿತಿಗೆ ತಂದಿತು. 2025ರ ಅಕ್ಟೋಬರ್ 26ಕ್ಕೆ ಊರು ಬಿತ್ತು. ಹೆರಿಗೆ ಆಸ್ಪತ್ರೆಯೊಳಗೂ ನುಗ್ಗಿ ಕೊಂದರು. ಡಾರ್ಫುರಿನ ಕರಿಯರನ್ನು 'ಗುಲಾಮ' ಎಂದು ಬೈದು ಕೊಲ್ಲುತ್ತಾರೆ ಅಂತ ಉಳಿದು ಬಂದವರು ಹೇಳುತ್ತಾರೆ. ಆ ಬೈಗುಳದ ತೂಕ ಎಷ್ಟು ಅಂತ ಕೇರಿಯಲ್ಲಿ ಹುಟ್ಟಿದ ನಮಗೆ ಬೇರೆಯವರು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ತಪ್ಪೂ ಒಂದಿದೆ. ಚುನಾವಣೆಯವರು ಹೋದಷ್ಟು ಬೇಗ ನಾವು ಹಕ್ಕಿಪಿಕ್ಕಿ ಕ್ಯಾಂಪಿಗೆ ಹೋಗಲಿಲ್ಲ. ಮುಂದಿನ ಓದು ಬಳಗಕ್ಕೆ ಅಲ್ಲಿಂದ ಸುಡಾನ್ ಕಂಡು ಬಂದವರನ್ನು ಕರೆಯೋಣ. ಬಸ್ ಚಾರ್ಜು ನಮ್ಮದು. ಯಾರಾದರೂ ಆಫ್ರಿಕದ ಒಂದು ಭೂಪಟ ತನ್ನಿ. ಊಟದ ಸಾಲಿನಲ್ಲಿ ಆ ಮಾತಾಡಿದ ಗೆಳೆಯನೂ ಬರಬೇಕು, ಮುಂದೆ ಕೂರಬೇಕು.