ನಾಯಕರಿಗೆ ಸಂಘ, ಪೇದೆಗೇಕೆ ನಿರ್ಬಂಧ?

ಕಳೆದ ದೀಪಾವಳಿಯ ಮೂರು ದಿನಗಳ ನಂತರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಏಳನೆಯ ತರಗತಿಯಲ್ಲಿ ನನ್ನಿಂದ ವ್ಯಾಕರಣ ಕಲಿತವನು. ಈಗ ಹೆಡ್ ಕಾನ್ಸ್‌ಟೇಬಲ್. ಹಬ್ಬದ ದಿನ ಬಂದೋಬಸ್ತಿನಲ್ಲಿದ್ದುದರಿಂದ ಬರಲಾಗಲಿಲ್ಲವೆಂದು ಕ್ಷಮೆ ಕೇಳಿದ. ರಾತ್ರಿಪಾಳಿ ಮುಗಿಸಿ ನೇರವಾಗಿ ಬಂದವನು ಕಾಫಿಯ ಲೋಟ ಹಿಡಿದೇ ತೂಕಡಿಸಿದ. "ಕಷ್ಟವನ್ನು ಮೇಲಿನವರಿಗೆ ಹೇಳಬಾರದೇನಪ್ಪಾ?" ಎಂದೆ. "ಒಬ್ಬನೇ ಹೇಳಿದರೆ ವರ್ಗ, ನಾಲ್ವರು ಸೇರಿ ಹೇಳಿದರೆ ಅಶಿಸ್ತು, ಸಾರ್" ಎಂದು ನಕ್ಕ. ಆ ನಗೆಯೇ ಈ ಲೇಖನಕ್ಕೆ ಕಾರಣ.

ನಮ್ಮಲ್ಲಿ ಪೊಲೀಸ್ ನಾಯಕರ ತರಬೇತಿಗೆ ಕೊರತೆಯಿಲ್ಲ. 1948ರಲ್ಲಿ ಮೌಂಟ್ ಅಬುವಿನಲ್ಲಿ ಆರಂಭವಾಗಿ 1975ರಲ್ಲಿ ಹೈದರಾಬಾದಿಗೆ ಬಂದ ರಾಷ್ಟ್ರೀಯ ಪೊಲೀಸ್ ಅಕಾಡೆಮಿಗೆ ಸರದಾರ್ ಪಟೇಲರ ಹೆಸರಿದೆ. ಐಪಿಎಸ್ ಅಧಿಕಾರಿಗಳು ಸೇವೆಗೆ ಸೇರುವಾಗ ಮಾತ್ರವಲ್ಲದೆ ಸೇವೆಯ ನಡುವೆಯೂ ಹಂತಹಂತವಾಗಿ ಶಿಕ್ಷಣ ಪಡೆಯುತ್ತಾರೆ. ಅದು ತಪ್ಪಲ್ಲ, ಅವಶ್ಯವಾಗಿ ಆಗಬೇಕಾದುದೇ. ಆದರೆ ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳು 2019ರಲ್ಲಿ ಪ್ರಕಟಿಸಿದ ಪೊಲೀಸ್ ವ್ಯವಸ್ಥೆಯ ವರದಿಯನ್ನು ನೋಡಿರಿ. ಅದಕ್ಕೆ ಹಿಂದಿನ ಐದು ವರ್ಷಗಳಲ್ಲಿ ಸೇವಾವಧಿಯ ತರಬೇತಿ ದೊರೆತದ್ದು ಸರಾಸರಿ ಶೇಕಡಾ 6.4ರಷ್ಟು ಸಿಬ್ಬಂದಿಗೆ ಮಾತ್ರ. ಅದರಲ್ಲೂ ಹಿರಿಯ ಅಧಿಕಾರಿಗಳಿಗೆ ಸಿಕ್ಕಷ್ಟು ಅವಕಾಶ ಪೇದೆಗಳಿಗೆ ಸಿಕ್ಕಿಲ್ಲ. ಸರಾಸರಿ ದುಡಿಮೆ ದಿನಕ್ಕೆ 14 ಗಂಟೆ. ಮುಖ್ಯೋಪಾಧ್ಯಾಯರಿಗೆ ಮಾತ್ರ ತರಬೇತಿ ಕೊಟ್ಟು, ತರಗತಿಯಲ್ಲಿ ನಿಂತು ಪಾಠ ಹೇಳುವವನನ್ನು ಮರೆತರೆ ಶಾಲೆ ಉದ್ಧಾರವಾದೀತೆ? ಠಾಣೆಗೆ ಹೋದ ಬಡವನಿಗೆ ಮೊದಲು ಎದುರಾಗುವವನು ಪೇದೆಯೇ ಹೊರತು ಮಹಾನಿರ್ದೇಶಕರಲ್ಲ.

ಇನ್ನು ಸಂಘದ ಮಾತು. ಐಪಿಎಸ್ ಅಧಿಕಾರಿಗಳಿಗೆ ತಮ್ಮದೇ ಸಂಘವಿದೆ. 2008ರ ಮುಂಬಯಿ ದಾಳಿಯಲ್ಲಿ ಮಡಿದ ಹೇಮಂತ ಕರ್ಕರೆಯವರನ್ನು 2019ರ ಏಪ್ರಿಲ್‌ನಲ್ಲಿ ಹೀನಾಯವಾಗಿ ಆಡಿಕೊಂಡಾಗ ಆ ಸಂಘ ಬಹಿರಂಗವಾಗಿ ಖಂಡಿಸಿತು. ಯೋಗ್ಯವಾದ ಕೆಲಸ. ಅದೇ ರಾತ್ರಿ ಕಸಬ್‌ನ ಬಂದೂಕಿಗೆ ಎದೆಯೊಡ್ಡಿ ಅವನನ್ನು ಹಿಡಿದುಕೊಟ್ಟ ತುಕಾರಾಮ ಓಂಬಳೆ ಸಹಾಯಕ ಸಬ್ ಇನ್‌ಸ್ಪೆಕ್ಟರ್. ಅಂಥವರ ಸಾಲಿನವರಿಗೆ ಬಾಯಿಯಾಗುವವರು ಯಾರು?

1966ರ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯಿದೆಯ ಪ್ರಕಾರ, ಅನುಮತಿಯಿಲ್ಲದೆ ಕಾರ್ಮಿಕ ಸಂಘಕ್ಕೆ ಸೇರಿದ ಪೊಲೀಸನಿಗೆ ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಸಂವಿಧಾನದ 33ನೆಯ ವಿಧಿ ಇಂಥ ನಿರ್ಬಂಧಕ್ಕೆ ಅವಕಾಶ ಕೊಟ್ಟಿದೆ, ನಿಜ. ಅವಕಾಶವಿದೆ ಎಂದ ಮಾತ್ರಕ್ಕೆ ಅದು ವಿವೇಕವೆಂದಾಗುವುದಿಲ್ಲ.

ಆಯುಧ ಹಿಡಿದವರು ಗುಂಪುಗೂಡಿದರೆ ಅಪಾಯವಲ್ಲವೆ ಎಂಬುದು ಸಾಮಾನ್ಯ ಆಕ್ಷೇಪ. 1973ರಲ್ಲಿ ಉತ್ತರ ಪ್ರದೇಶದ ಸಶಸ್ತ್ರ ಪೊಲೀಸ್ ಪಡೆ ದಂಗೆಯೆದ್ದುದನ್ನು ಉದಾಹರಿಸುತ್ತಾರೆ. ನಾನು ಕೇಳುವುದಿಷ್ಟೆ: ಆ ದಂಗೆ ನಡೆದಾಗ 1966ರ ಕಾಯಿದೆ ಜಾರಿಯಲ್ಲಿರಲಿಲ್ಲವೆ? ನಿರ್ಬಂಧ ದಂಗೆಯನ್ನು ತಡೆಯಲಿಲ್ಲ. ಮುಚ್ಚಳ ಬಿಗಿದ ಪಾತ್ರೆಯೇ ಸಿಡಿಯುವುದು.

ಇಂಗ್ಲೆಂಡಿನ ಕಥೆ ಕೇಳಿರಿ. 1918ರಲ್ಲಿ ಲಂಡನ್ ಪೊಲೀಸರು ಮುಷ್ಕರ ಹೂಡಿದರು. 1919ರ ಕಾಯಿದೆ ಅವರಿಗೆ ಕಾರ್ಮಿಕ ಸಂಘವನ್ನು ನಿಷೇಧಿಸಿತು; ಆದರೆ ಅಹವಾಲು ಹೇಳಿಕೊಳ್ಳಲು ಪೊಲೀಸ್ ಫೆಡರೇಷನ್ ಎಂಬ ಪ್ರಾತಿನಿಧಿಕ ಸಂಸ್ಥೆಯನ್ನು ಕಾನೂನಿನಿಂದಲೇ ಕಟ್ಟಿಕೊಟ್ಟಿತು. ಅದು ಇಂದಿಗೂ ಇದೆ. ಅದೇ ಆಂಗ್ಲರು ಮೂರು ವರ್ಷಗಳ ನಂತರ ಭಾರತಕ್ಕೆ ಕೊಟ್ಟದ್ದೇನು? ಪೊಲೀಸರಲ್ಲಿ ಅತೃಪ್ತಿ ಪ್ರಚೋದಿಸುವವರನ್ನು ಶಿಕ್ಷಿಸುವ 1922ರ ಕಾಯಿದೆ. ತಮ್ಮವರಿಗೆ ಕಿವಿ, ನಮ್ಮವರಿಗೆ ಕೋಲು. ಸ್ವತಂತ್ರ ಭಾರತ ಉಳಿಸಿಕೊಂಡದ್ದು ಕೋಲನ್ನು!

ದೂರ ಹೋಗುವುದೇಕೆ? ನೆರೆಯ ಕೇರಳದಲ್ಲಿ ಕೆಳಹಂತದ ಪೊಲೀಸರ ಸಂಘಗಳು ದಶಕಗಳಿಂದ ಕೆಲಸ ಮಾಡುತ್ತಿವೆ. ಅಲ್ಲಿ ಶಾಂತಿ ಸುವ್ಯವಸ್ಥೆ ಕುಸಿದು ಬಿದ್ದಿಲ್ಲ. ನಮ್ಮಲ್ಲೋ, 2016ರ ಜೂನ್ 4ರಂದು ಪೊಲೀಸರು ಸಾಮೂಹಿಕ ರಜೆಯ ಮಾತೆತ್ತಿದಾಗ ಸರ್ಕಾರ ಎಸ್ಮಾ ಪ್ರಯೋಗಿಸಿತು. ಕರೆ ನೀಡಿದ ಸಂಘಟನೆಯ ಮುಖಂಡರ ಮೇಲೆ ರಾಜದ್ರೋಹದ ಮೊಕದ್ದಮೆ ಬಿತ್ತು. ಪೊಲೀಸರು ಕರ್ತವ್ಯ ಬಿಡುವುದನ್ನು ನಾನು ಒಪ್ಪುವವನಲ್ಲ. ಆದರೆ ಅನಂತರ ಔರಾದಕರ್ ಸಮಿತಿ ವೇತನ ಹೆಚ್ಚಳಕ್ಕೆ ಶಿಫಾರಸು ಮಾಡಿತಲ್ಲ! ಬೇಡಿಕೆಯಲ್ಲಿ ನ್ಯಾಯವಿತ್ತೆಂದು ಒಪ್ಪಿದ ಮೇಲೆ, ಕೇಳಿದ್ದು ದ್ರೋಹ ಹೇಗಾಯಿತು?

ನನ್ನ ಬೇಡಿಕೆ ದೊಡ್ಡದೇನಲ್ಲ. ಮುಷ್ಕರದ ಹಕ್ಕು ಬೇಡ. ರಾಜಕೀಯ ಪಕ್ಷಗಳ ನೆರಳೂ ಸೋಕದಿರಲಿ. ಪೇದೆಯಿಂದ ಇನ್‌ಸ್ಪೆಕ್ಟರ್‌ವರೆಗಿನವರು ತಾವೇ ಆರಿಸಿದ ಪ್ರತಿನಿಧಿಗಳ ಮೂಲಕ ಪಾಳಿ, ರಜೆ, ವಸತಿ, ತರಬೇತಿಗಳ ಬಗ್ಗೆ ನಿರ್ಭಯವಾಗಿ ಮಾತನಾಡಲು ಕಾನೂನು ಒಂದು ಸ್ಥಾನ ಕೊಡಲಿ. ಪ್ರತಿ ಪೇದೆಗೂ ನಿಗದಿತ ಅವಧಿಗೊಮ್ಮೆ ಮರುತರಬೇತಿ ಕಡ್ಡಾಯವಾಗಲಿ. ದಣಿದವನಿಗೆ ತಾಳ್ಮೆ ಕಡಿಮೆ. ಆ ತಾಳ್ಮೆಗೇಡಿನ ಬೆಲೆ ತೆರುವವರು ಠಾಣೆಯ ಮೆಟ್ಟಿಲು ಹತ್ತುವ ನಾವೇ.

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಅಧಿಕಾರಿಗಳಾಗಿದ್ದೀರಿ. ನಿಮ್ಮ ಮುಂದಿನ ಸಭೆಯಲ್ಲಿ ನಿಮ್ಮ ಭತ್ಯೆ ಬಡ್ತಿಗಳ ಚರ್ಚೆ ಮುಗಿದ ಮೇಲಾದರೂ, ಬಾಗಿಲಲ್ಲಿ ಸೆಲ್ಯೂಟ್ ಹೊಡೆದು ನಿಂತವನ ಮಾತನ್ನು ಒಮ್ಮೆ ಎತ್ತಿರಿ. ಅವನೂ ನಿಮ್ಮ ಹಾಗೆಯೇ ನನ್ನ ತರಗತಿಯಲ್ಲಿ ಕುಳಿತಿದ್ದವನು.