ಕಳೆದುಹೋದ ಪಾಸ್‌ಪೋರ್ಟು: ಪ್ರಜೆಯ ಹೊಣೆ, ಸರಕಾರದ ಹೊಣೆ

ಪರದೇಶ ಪ್ರಯಾಣವು ಒಂದು ಕಾಲಕ್ಕೆ ಶ್ರೀಮಂತರಿಗೂ ಬ್ಯಾರಿಸ್ಟರ್ ಪರೀಕ್ಷೆಗೆ ಹೋಗುವ ಕೆಲವರಿಗೂ ಮಾತ್ರ ಮೀಸಲಾಗಿತ್ತು. ಈಗ ಹಾಗಿಲ್ಲ. ಮಂಗಳೂರು, ಉಡುಪಿ, ಭಟ್ಕಳಗಳ ಕಡೆಯ ತರುಣರು ಅರಬ ದೇಶಗಳಿಗೆ ದುಡಿಯಲು ಹೋಗುತ್ತಿರುವರು. ಬೆಂಗಳೂರಿನ ಇಂಜಿನಿಯರರು ಅಮೇರಿಕೆ, ಜರ್ಮನಿಗಳಿಗೆ ಹೋಗುತ್ತಿರುವರು. ಮಗಳ ಬಾಣಂತನಕ್ಕೆಂದು ನಮ್ಮ ಊರುಗಳ ವೃದ್ಧ ತಾಯಂದಿರು ಒಬ್ಬರೇ ಸಮುದ್ರಗಳನ್ನು ದಾಟುತ್ತಿರುವರು. ಇವರೆಲ್ಲರಿಗೂ ಪರನಾಡಿನಲ್ಲಿ ಇರುವ ಆಧಾರವು ಪಾಸ್‌ಪೋರ್ಟೆಂಬ ಒಂದು ಕಿರುಪುಸ್ತಕವು. ಅದು ಕಳೆದ ಅಥವಾ ಕಳುವಾದ ದಿನ ಮನುಷ್ಯನು ಇದ್ದ ಹಾಗೆಯೇ ಇದ್ದರೂ, ತಾನು ಯಾರು, ಯಾವ ದೇಶದವನು ಎಂಬುದನ್ನು ತೋರಿಸಿಕೊಡಲಾರದವನಾಗುವನು.

ಆ ದಿನ ಪ್ರಜೆಯು ಏನು ಮಾಡತಕ್ಕದ್ದು, ಸರಕಾರದವರು ಅವನಿಗೆ ಏನು ಮಾಡತಕ್ಕದ್ದು ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೆ ವಿಚಾರಿಸಬೇಕೆಂದು ನಮ್ಮ ಅಭಿಪ್ರಾಯವು. ಮೊದಲನೆಯದನ್ನು ಕುರಿತು ಉಪದೇಶಕ್ಕೆ ಕೊರತೆಯಿಲ್ಲ. ಎರಡನೆಯದನ್ನು ಕುರಿತು ಮಾತಾಡುವವರು ವಿರಳ.

ಪಾಸ್‌ಪೋರ್ಟು ಪ್ರಭುಗಳ ಅನುಗ್ರಹವೆಂಬ ಭಾವನೆಯು ನಮ್ಮ ದೇಶದಲ್ಲಿ ಬಹುಕಾಲ ಬೇರೂರಿತ್ತು. ಆಂಗ್ಲರ ಆಳಿಕೆಯಲ್ಲಿ ಅದು ದೇಶಭಕ್ತರನ್ನು ಕಟ್ಟಿಹಾಕುವ ಹಗ್ಗವೇ ಆಗಿತ್ತು. 1918ರಲ್ಲಿ ಲೋಕಮಾನ್ಯ ಟಿಳಕರು ಸ್ವರಾಜ್ಯದ ನಿಯೋಗದೊಡನೆ ವಿಲಾಯತಿಗೆ ಹೊರಟು ಕೊಲಂಬೋ ಮುಟ್ಟಿದಾಗ ಅವರ ಪಾಸ್‌ಪೋರ್ಟುಗಳನ್ನು ರದ್ದುಪಡಿಸಿ ಹಿಂದಿರುಗುವಂತೆ ಮಾಡಲಾಯಿತು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಅಮೇರಿಕೆಯಲ್ಲಿದ್ದ ಲಾಲಾ ಲಜಪತರಾಯರು ಮರಳುವ ಅನುಮತಿ ದೊರೆಯದೆ, 1920ರಲ್ಲಷ್ಟೇ ತಾಯ್ನಾಡಿನ ನೆಲವನ್ನು ಮೆಟ್ಟಿದರು. ಅದೇ 1920ರಲ್ಲಿ ಹೊರಟ ಭಾರತ ಪ್ರವೇಶದ ಪಾಸ್‌ಪೋರ್ಟು ಕಾಯಿದೆಯು 2025ರಲ್ಲಿ ಹೊಸ ಕಾಯಿದೆ ಬರುವವರೆಗೂ ನಮ್ಮ ಪುಸ್ತಕಗಳಲ್ಲಿ ಉಳಿದಿದ್ದಿತು.

ಸ್ವಾತಂತ್ರ್ಯ ಬಂದ ಮೇಲೆಯೂ ಪಾಸ್‌ಪೋರ್ಟನ್ನು ಕೊಡುವದು ಬಿಡುವದು ಅಧಿಕಾರಿಗಳ ಚಿತ್ತಕ್ಕೆ ಸೇರಿದ್ದೆಂಬಂತೆ ನಡೆಯಿತು. 1967ರ ಏಪ್ರಿಲದಲ್ಲಿ ಸತವಂತ ಸಿಂಹ ಸಾಹನಿಯವರ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು ಪರದೇಶ ಪ್ರಯಾಣವು ಘಟನೆಯ 21ನೆಯ ಕಲಮು ಕಾಪಾಡುವ ವ್ಯಕ್ತಿಸ್ವಾತಂತ್ರ್ಯದ ಅಂಗವೆಂದು ತೀರ್ಮಾನಿಸಿದ ಮೇಲೆಯೇ, ಅದೇ ವರ್ಷ, ಪಾಸ್‌ಪೋರ್ಟು ಕಾಯಿದೆಯು ಹುಟ್ಟಿತು. 1978ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯು ಆ ತತ್ತ್ವವನ್ನು ಇನ್ನಷ್ಟು ಗಟ್ಟಿಗೊಳಿಸಿತು. ಅನುಗ್ರಹವು ಹೀಗೆ ಹಕ್ಕಾಯಿತು.

ಆದರೆ ಇದೇ 1967ರ ಕಾಯಿದೆಯ 17ನೆಯ ಕಲಮನ್ನು ಬಲ್ಲವರು ಬಹಳಿಲ್ಲ. ಪಾಸ್‌ಪೋರ್ಟು ಯಾವಾಗಲೂ ಕೇಂದ್ರ ಸರಕಾರದ ಸ್ವತ್ತೆಂದು ಅದು ಹೇಳುವದು. ಅಂದರೆ ಪ್ರಜೆಯು ಅದರ ಮಾಲಕನಲ್ಲ. ಅದನ್ನು ನಂಬಿಗೆಯಿಂದ ಇಟ್ಟುಕೊಂಡವನು. ಪ್ರಜೆಯ ಹೊಣೆ ಇಲ್ಲಿಂದಲೇ ಹುಟ್ಟುವದು. ಒಬ್ಬನು ತನ್ನ ಛತ್ರಿಯನ್ನು ಕಳೆದುಕೊಂಡರೆ ಸುಮ್ಮನಿದ್ದುಬಿಡಬಹುದು. ಪಾಸ್‌ಪೋರ್ಟನ್ನು ಕಳೆದುಕೊಂಡು ಸುಮ್ಮನಿರುವ ಅಧಿಕಾರವು ಅವನಿಗಿಲ್ಲ.

ಸ್ವದೇಶದಲ್ಲಿ ಪಾಸ್‌ಪೋರ್ಟು ಕಾಣದಾದರೆ ಮಾಡತಕ್ಕದ್ದು ಇಷ್ಟು. ಮೊದಲು ಪೋಲೀಸ್ ಠಾಣೆಗೆ ಹೋಗಿ ವರ್ತಮಾನವನ್ನು ಬರೆಯಿಸಿ ಅದರ ಪ್ರತಿಯನ್ನು ಕೇಳಿ ಪಡೆಯಬೇಕು. ಕೂಡಲೆ ಪಾಸ್‌ಪೋರ್ಟು ಕಚೇರಿಗೂ ತಿಳಿಸಬೇಕು. ಆ ಬಳಿಕ ಬದಲಿ ಪಾಸ್‌ಪೋರ್ಟಿಗಾಗಿ ಅರ್ಜಿ ಹಾಕಿ, ಅದು ಯಾವಾಗ, ಎಲ್ಲಿ, ಹೇಗೆ ಹೋಯಿತೆಂಬ ಹೇಳಿಕೆಯನ್ನೂ ಪೋಲೀಸ್ ವರದಿಯನ್ನೂ ವಿಳಾಸ, ಜನ್ಮದಿನಗಳ ದಾಖಲೆಗಳನ್ನೂ ಹಾಜರುಪಡಿಸಬೇಕು. ಈ ಹೇಳಿಕೆಗೆ ನೋಟರಿಯ ಮುದ್ರೆಯಾಗಲಿ ಮ್ಯಾಜಿಸ್ಟ್ರೇಟರ ರುಜುವಾಗಲಿ ಬೇಕಿಲ್ಲ. ಸಾದಾ ಕಾಗದದ ಮೇಲೆ ಅರ್ಜಿದಾರನು ತಾನೇ ಬರೆದು ರುಜು ಮಾಡಿದರೆ ಸಾಕೆಂದು 2016ರ ಡಿಸೆಂಬರದಲ್ಲಿ ವಿದೇಶಾಂಗ ಖಾತೆಯವರು ನಿಯಮ ಮಾಡಿದರು. ಇದನ್ನರಿಯದೆ ಕೋರ್ಟಿನ ಆವಾರದಲ್ಲಿ ಮಧ್ಯಸ್ಥರಿಗೆ ಹಣ ತೆರುವದು ವ್ಯರ್ಥವು.

ಪರದೇಶದಲ್ಲಿ ಕಳೆದುಹೋದರೆ ಕೆಲಸವು ತೊಡಕಾಗುವದು. ಅಲ್ಲಿಯೂ ಮೊದಲ ಹೆಜ್ಜೆ ಪೋಲೀಸ್ ಠಾಣೆಗೇ; ಎರಡನೆಯದು ಭಾರತದ ರಾಯಭಾರ ಕಚೇರಿಗೆ ಅಥವಾ ಕಾನ್ಸುಲರ ಕಚೇರಿಗೆ. ಅಲ್ಲಿಯೇ ಇದ್ದು ಕೆಲಸ ಅಥವಾ ಓದು ಮುಂದುವರಿಸುವವನಿಗೆ ಹೊಸ ಪಾಸ್‌ಪೋರ್ಟು ಬೇಕು. ತತ್ಕ್ಷಣ ಊರಿಗೆ ಮರಳಬೇಕಾದವನಿಗೆ ಎಮರ್ಜೆನ್ಸಿ ಸರ್ಟಿಫಿಕೇಟೆಂಬ ತುರ್ತಿನ ಪತ್ರವನ್ನು ಕೊಡುವರು. ಅದು ಭಾರತಕ್ಕೆ ಒಂದು ಸಲ ಬರುವದಕ್ಕೆ ಮಾತ್ರ ಉಪಯೋಗವಾಗುವದು, ಬೇರೆ ದೇಶಕ್ಕೆ ಹೋಗುವದಕ್ಕಲ್ಲ. ಹಳೆಯ ಪುಸ್ತಕದೊಡನೆ ಅದರಲ್ಲಿದ್ದ ವೀಸಾ ಕೂಡ ಹೋಯಿತೆಂಬುದನ್ನು ಅನೇಕರು ಮರೆಯುವರು. ಹೊಸ ಪಾಸ್‌ಪೋರ್ಟು ಬಂದ ಮಾತ್ರಕ್ಕೆ ವೀಸಾ ತಾನಾಗಿ ಬರುವದಿಲ್ಲ. ವೀಸಾ ಕೊಟ್ಟ ದೇಶದವರಿಗೆ ಬೇರೆಯಾಗಿ ತಿಳಿಸಬೇಕು. ಕೆಲವೆಡೆ ದೇಶ ಬಿಟ್ಟು ಹೊರಡುವದಕ್ಕೇ ಅಲ್ಲಿಯ ವಲಸೆ ಕಚೇರಿಯ ಅನುಮತಿ ಬೇಕಾಗುವದು.

ಇವೆಲ್ಲಕ್ಕೂ ಮುನ್ನೆಚ್ಚರಿಕೆಯು ಸುಲಭವಾಗಿದೆ. ಪಾಸ್‌ಪೋರ್ಟಿನ ಮೊದಲ, ಕೊನೆಯ ಪುಟಗಳ ಮತ್ತು ವೀಸಾ ಪುಟದ ನಕಲುಗಳನ್ನು ಪುಸ್ತಕದಿಂದ ಬೇರೆಯಾಗಿ ಇಟ್ಟುಕೊಳ್ಳಬೇಕು. ಒಂದು ಪ್ರತಿಯನ್ನು ಮನೆಯವರ ಬಳಿ ಬಿಟ್ಟಿರಬೇಕು. ಪಾಸ್‌ಪೋರ್ಟೂ ಅದರ ನಕಲೂ ಒಂದೇ ಚೀಲದಲ್ಲಿದ್ದರೆ ಕಳ್ಳನಿಗೆ ಎರಡೂ ಒಂದೇ ಕೈಗೆ ಸಿಕ್ಕುವವು.

ತತ್ಕ್ಷಣ ತಿಳಿಸಬೇಕೆಂದು ಇಷ್ಟು ಒತ್ತಿ ಹೇಳುವದೇಕೆಂದು ವಾಚಕರು ಕೇಳಬಹುದು. ಕಳುವಾದ ಪಾಸ್‌ಪೋರ್ಟು ಸುಮ್ಮನೆ ಬಿದ್ದಿರುವದಿಲ್ಲ. ಅದು ಕಳ್ಳಪೇಟೆಯ ಸರಕು. 2014ರ ಮಾರ್ಚ 8ರಂದು ಕ್ವಾಲಾಲಂಪುರದಿಂದ ಪೇಕಿಂಗಿಗೆ ಹೊರಟ ಮಲೇಶಿಯಾದ ವಿಮಾನವು 239 ಜನರೊಡನೆ ಕಾಣೆಯಾದದ್ದು ಸರ್ವವಿದಿತವಾಗಿದೆ. ಅದರಲ್ಲಿ ಇಬ್ಬರು ಇರಾಣದವರು ಒಬ್ಬ ಆಸ್ಟ್ರಿಯನ್ನನ, ಒಬ್ಬ ಇಟಾಲಿಯನ್ನನ ಪಾಸ್‌ಪೋರ್ಟುಗಳ ಮೇಲೆ ಹತ್ತಿದ್ದರು. ಅವೆರಡೂ ಅದಕ್ಕೆ ಹಿಂದೆ ಥಾಯ್ಲೆಂಡಿನಲ್ಲಿ ಕಳುವಾದವು. ಆ ಇಬ್ಬರು ಘಾತುಕರಲ್ಲ, ಯುರೋಪಿನಲ್ಲಿ ಆಶ್ರಯ ಬಯಸಿದವರೆಂದು ತನಿಖೆಯವರು ಕಂಡುಕೊಂಡರು. ಆದರೆ ಅದೇ ದಾರಿಯಲ್ಲಿ ಘಾತುಕನೂ ನಡೆಯಬಹುದಾಗಿತ್ತು.

ಈ ಪ್ರಕರಣದಲ್ಲಿ ಅತ್ಯಂತ ಶೋಚನೀಯವಾದದ್ದು ಬೇರೊಂದುಂಟು. ಪಾಸ್‌ಪೋರ್ಟು ಕಳೆದುಕೊಂಡ ಇಬ್ಬರೂ ತಮ್ಮ ಕರ್ತವ್ಯವನ್ನು ಮಾಡಿದ್ದರು. ಕಳೆದ, ಕಳುವಾದ ಪಾಸ್‌ಪೋರ್ಟುಗಳಿಗಾಗಿ ಇಂಟರ್‌ಪೋಲ್ ಸಂಸ್ಥೆಯು 2002ರಲ್ಲಿ ತೆರೆದ ಪಟ್ಟಿಯಲ್ಲಿ ಎರಡೂ ದಾಖಲಾಗಿದ್ದವು. ಆಗ ಆ ಪಟ್ಟಿಯಲ್ಲಿ 4 ಕೋಟಿಗೂ ಹೆಚ್ಚು ದಾಖಲೆಗಳಿದ್ದವು. ಪಟ್ಟಿ ಇತ್ತು, ಅದನ್ನು ತೆರೆದು ನೋಡುವವರು ಇರಲಿಲ್ಲ. 2013ರಲ್ಲಿ ನೂರು ಕೋಟಿಗೂ ಮಿಕ್ಕಿ ಸಲ ಪ್ರಯಾಣಿಕರು ಈ ಪಟ್ಟಿಯೊಡನೆ ತಾಳೆನೋಡದ ಪಾಸ್‌ಪೋರ್ಟುಗಳಿಂದ ವಿಮಾನ ಹತ್ತಿದರೆಂದು ಆ ಸಂಸ್ಥೆಯೇ ಹೇಳಿತು. ಪ್ರಜೆಯು ತಿಳಿಸಿದರೂ ಪ್ರಭುತ್ವವು ಕಣ್ಣುಮುಚ್ಚಿದ್ದರೆ ತಿಳಿಸಿದ್ದು ನೀರಿನ ಮೇಲಣ ಬರೆಹದಂತಾಗುವದು.

ಇದರಿಂದ ಇನ್ನೊಂದು ಪಾಠವೂ ಉಂಟು. ಕಳೆದುಹೋಯಿತೆಂದು ತಿಳಿಸಿದ ಪಾಸ್‌ಪೋರ್ಟು ತಿಂಗಳೊಪ್ಪತ್ತಿನ ಮೇಲೆ ಕಪಾಟಿನ ಮೂಲೆಯಲ್ಲಿ ಸಿಕ್ಕಿತೆಂದು ಅದನ್ನು ಹಿಡಿದು ಪ್ರಯಾಣಕ್ಕೆ ಹೊರಡಬಾರದು. ಅದು ರದ್ದಾಗಿರುವದು, ದಾಖಲೆಯಲ್ಲಿ ಅದರ ನಂಬರು ಕಳುವಿನ ಮಾಲಿನ ನಂಬರಾಗಿರುವದು. ಸಿಕ್ಕಿದ್ದನ್ನು ಕಚೇರಿಗೆ ಒಪ್ಪಿಸುವದೇ ಕ್ಷೇಮ.

ಇನ್ನು ಸರಕಾರದ ಹೊಣೆಗೆ ಬರೋಣ. ಸ್ವತ್ತು ಸರಕಾರದ್ದಾದರೆ, ಅದನ್ನು ಕಳ್ಳನು ಒಯ್ದಾಗ ಇಟ್ಟುಕೊಂಡವನು ಕಳ್ಳನಿಗೆ ಸಮನಾಗುವನೇ? ನಮ್ಮ ನಡವಳಿಕೆಯು ಹಾಗೆಂಬಂತೆ ಇರುವದು. 2012ರಲ್ಲಿ ಪರಿಷ್ಕರಿಸಿದ ದರಗಳಂತೆ 36 ಪುಟಗಳ ಪಾಸ್‌ಪೋರ್ಟಿಗೆ ಸಾಧಾರಣವಾಗಿ 1500 ರೂಪಾಯಿ. ಕಳೆದುಹೋದದ್ದರ, ಕಳುವಾದದ್ದರ ಅಥವಾ ಕೆಟ್ಟುಹೋದದ್ದರ ಬದಲಿಗೆ 3000 ರೂಪಾಯಿ. ಅಜಾಗರೂಕತೆಗೆ ದಂಡ ವಿಧಿಸುವದು ಅನ್ಯಾಯವೆಂದು ನಾವು ಹೇಳುವದಿಲ್ಲ. ಆದರೆ ಪುಸ್ತಕವನ್ನು ಮಳೆಯಲ್ಲಿ ನೆನೆಯಿಸಿದವನನ್ನೂ, ರೈಲಿನಲ್ಲಿ ಚೂರಿ ತೋರಿಸಿದ ಕಳ್ಳನಿಗೆ ಚೀಲವನ್ನೊಪ್ಪಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವದು ನ್ಯಾಯವಲ್ಲ. ಕಳುವೆಂದು ಪೋಲೀಸರಲ್ಲಿ ದಾಖಲಾಗಿರುವವನಿಂದ ಸಾಧಾರಣ ದರವನ್ನಷ್ಟೇ ತೆಗೆದುಕೊಳ್ಳತಕ್ಕದ್ದು.

ಇದಕ್ಕೆ ಕಳುವು ಕಳುವೆಂದೇ ದಾಖಲಾಗಬೇಕು. ಗೊಡ್ಡಾಟವಿರುವದು ಇಲ್ಲಿಯೇ. ಠಾಣೆಯಲ್ಲಿ “ಕದ್ದರೆಂದು ಏಕೆ ಬರೆಯಿಸುತ್ತೀರಿ, ಕಳೆಯಿತೆಂದು ಬರೆದುಕೊಡಿ” ಎಂಬ ಉಪದೇಶವು ಫಿರ್ಯಾದಿಗಾರರಿಗೆ ಹೊಸದಲ್ಲ. ಕಳುವೆಂದರೆ ಮೊಕದ್ದಮೆ, ತನಿಖೆ, ಮೇಲಧಿಕಾರಿಗಳಿಗೆ ಲೆಕ್ಕ; ಕಳೆಯಿತೆಂದರೆ ಒಂದು ಚೀಟಿಯಲ್ಲಿ ಮುಗಿಯುವದು. ಆದರೆ ಗಂಭೀರ ಅಪರಾಧದ ವರ್ತಮಾನ ಬಂದಾಗ ಎಫ್.ಐ.ಆರ್. ಬರೆದುಕೊಳ್ಳುವದು ಪೋಲೀಸರಿಗೆ ಕಡ್ಡಾಯವೆಂದು 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟಿನ ಐವರು ನ್ಯಾಯಮೂರ್ತಿಗಳು ತೀರ್ಪಿತ್ತರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ, ಅಪರಾಧವು ಯಾವ ಠಾಣೆಯ ಹದ್ದಿನಲ್ಲಿ ನಡೆದಿದ್ದರೂ ವರ್ತಮಾನವನ್ನು ತೆಗೆದುಕೊಳ್ಳಬೇಕು. ಫಿರ್ಯಾದಿಗಾರನಿಗೆ ಪ್ರತಿಯನ್ನು ಬಿಟ್ಟಿಯಾಗಿ ಕೊಡಬೇಕು. “ನಮ್ಮ ಹದ್ದಲ್ಲ, ಮುಂದಿನ ಠಾಣೆಗೆ ಹೋಗಿರಿ” ಎಂಬ ಮಾತಿಗೆ ಇನ್ನು ಕಾಯಿದೆಯ ಆಸರೆಯಿಲ್ಲ. ಇದನ್ನು ಪ್ರಜೆಗಳು ಅರಿತಿರಬೇಕು, ಅಧಿಕಾರಿಗಳು ನೆನಪಿಡಬೇಕು.

ಕಳೆಯದೆಯೂ ಕಳುವಾಗದೆಯೂ ಪಾಸ್‌ಪೋರ್ಟು ಕೈತಪ್ಪುವ ಇನ್ನೊಂದು ಬಗೆಯುಂಟು. ನಮ್ಮ ಕರಾವಳಿಯ ಅನೇಕ ಮನೆಗಳು ಇದನ್ನು ಬಲ್ಲವು. ಅರಬ ದೇಶಕ್ಕೆ ಹೋದ ಆಳಿನ ಪಾಸ್‌ಪೋರ್ಟನ್ನು ಮೊದಲ ದಿನವೇ ಧಣಿಯು “ಜೋಪಾನವಾಗಿರಲಿ” ಎಂದು ತೆಗೆದಿರಿಸುವನು. ಪಗಾರ ನಿಂತಾಗ, ಊರಿಗೆ ಹೋಗಬೇಕಾದಾಗ ಕೇಳಿದರೆ ಅದು ಸಿಕ್ಕುವದಿಲ್ಲ. ಧಣಿಯ ಮನೆ ಬಿಟ್ಟು ಹೊರಬಿದ್ದರೆ ಓಡಿಹೋದನೆಂಬ ದೂರು ಬೀಳುವದು. ಕತಾರದ 2015ರ ಕಾಯಿದೆಯು ಧಣಿಯು ಆಳಿನ ಪಾಸ್‌ಪೋರ್ಟನ್ನು ಇಟ್ಟುಕೊಳ್ಳುವದನ್ನು ನಿಷೇಧಿಸಿ ದಂಡವನ್ನು ಹೇಳಿದೆ. ಆದರೆ ಕಾಯಿದೆಯೊಂದು, ರೂಢಿಯೊಂದು. ನಮ್ಮ ದೇಶದಲ್ಲಿಯಂತೂ ಪೋಲೀಸರು ಪಾಸ್‌ಪೋರ್ಟನ್ನು ವಶಪಡಿಸಿಕೊಂಡರೂ ಅದನ್ನು ತಡೆಹಿಡಿದಿಡುವ ಅಧಿಕಾರವು ಪಾಸ್‌ಪೋರ್ಟು ಅಧಿಕಾರಿಗೆ ಮಾತ್ರ ಉಂಟೆಂದು 2008ರ ಸುರೇಶ ನಂದಾ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಹೇಳಿರುವದು. ಪೋಲೀಸರಿಗಿಲ್ಲದ ಅಧಿಕಾರವು ಧಣಿಗೆ ಎಲ್ಲಿಂದ ಬಂತು?

ಇಂಥ ಸ್ಥಿತಿಯಲ್ಲಿ ಸಿಕ್ಕಿದವನಿಗೆ ಪಾಸ್‌ಪೋರ್ಟು ಕಳೆದುಹೋಯಿತೆಂದು ಸುಳ್ಳು ವರದಿ ಬರೆಯಿಸಲು ಸಲಹೆ ಕೊಡುವವರು ಬಹಳ. ಅದು ಅಪಾಯಕರವು. ಸುಳ್ಳು ಹೇಳಿ ಪಾಸ್‌ಪೋರ್ಟು ಪಡೆಯುವದು 12ನೆಯ ಕಲಮಿನ ಮೇರೆಗೆ ಅಪರಾಧ. ನಿಜವಾದ ಅಪರಾಧಿಯಾದ ಧಣಿಯು ಇದರಿಂದ ಪಾರಾಗುವನು. ರಾಯಭಾರ ಕಚೇರಿಗೆ ಇದ್ದದ್ದನ್ನು ಇದ್ದಂತೆ ಹೇಳುವದೇ ಲೇಸು. ಸಂಕಟದಲ್ಲಿರುವ ಭಾರತೀಯರಿಗೆ ಊಟ, ವಸತಿ, ಔಷಧೋಪಚಾರ, ಊರಿಗೆ ಮರಳುವ ಖರ್ಚುಗಳಿಗಾಗಿ 2009ರಲ್ಲಿ ಸ್ಥಾಪಿಸಿದ ಸಮುದಾಯ ಕಲ್ಯಾಣ ನಿಧಿಯು ಆ ಕಚೇರಿಗಳಲ್ಲಿ ಇರುವದು. ಅದನ್ನು ಕೇಳುವದು ಭಿಕ್ಷೆಯಲ್ಲ. ಆದರೆ ಅಕ್ಷರವರಿಯದ ಕೂಲಿಯು ಅಲ್ಲಿಗೆ ಬಂದಾಗ ಕನ್ನಡವನ್ನೋ ತುಳುವನ್ನೋ ಅರಿತ ಒಬ್ಬನಾದರೂ ಅಲ್ಲಿರಬೇಡವೇ? ನಮ್ಮ ನಾಡವರು ಹೆಚ್ಚಾಗಿರುವ ಪಟ್ಟಣಗಳಲ್ಲಿ ಇಂಥ ಏರ್ಪಾಡನ್ನು ಕರ್ನಾಟಕ ಸರಕಾರವು ಒತ್ತಾಯದಿಂದ ಕೇಳಬೇಕು.

ಪಾಸ್‌ಪೋರ್ಟು ಇಲಾಖೆಯು ಇತ್ತೀಚಿನ ವರ್ಷಗಳಲ್ಲಿ ಬಹಳ ಸುಧಾರಿಸಿದೆಯೆಂಬುದನ್ನು ಮರೆಮಾಚುವದು ನಮ್ಮ ಉದ್ದೇಶವಲ್ಲ. 2010ರಲ್ಲಿ ಹೊಸ ಸೇವಾಕೇಂದ್ರಗಳ ಪ್ರಯೋಗವು ಕರ್ನಾಟಕದಲ್ಲಿಯೇ ಮೊದಲಾಯಿತು. 2017ರ ಜನೆವರಿಯಲ್ಲಿ ಅಂಚೆಕಚೇರಿಯಲ್ಲಿಯೇ ಪಾಸ್‌ಪೋರ್ಟಿನ ಅರ್ಜಿ ತೆಗೆದುಕೊಳ್ಳುವ ಪದ್ಧತಿಯು ಗುಜರಾತದ ದಾಹೋದದಲ್ಲಿಯೂ ನಮ್ಮ ಮೈಸೂರಿನಲ್ಲಿಯೂ ಪ್ರಾರಂಭವಾಯಿತು. ಇಷ್ಟು ಮಾಡಬಲ್ಲ ಇಲಾಖೆಗೆ ಇನ್ನೊಂದು ಹೆಜ್ಜೆ ಭಾರವಲ್ಲ. ಕಳುವಿನ ವರ್ತಮಾನವನ್ನು ಪ್ರಜೆಯು ಒಂದೇ ಕಡೆಯಲ್ಲಿ, ಒಂದೇ ಸಲ ಕೊಡುವಂತಾಗಲಿ. ಠಾಣೆಯಲ್ಲಿ ಬರೆದ ಗಳಿಗೆಯಲ್ಲಿಯೇ ಅದು ಪಾಸ್‌ಪೋರ್ಟು ಕಚೇರಿಗೆ ಮುಟ್ಟಿ, ಆ ನಂಬರು ರದ್ದಾಗಲಿ. ಎರಡು ಕಚೇರಿಗಳ ನಡುವೆ ಪ್ರಜೆಯು ಓಡಾಡುವ ದಿನಗಳೇ ಕಳ್ಳನಿಗೆ ಸುಗ್ಗಿಯ ದಿನಗಳು.

ತಿಳಿಸಿದವನಿಗೆ ದಂಡ, ಸಂಶಯ, ಅಲೆದಾಟಗಳೇ ಫಲವೆಂದಾದರೆ ನಾಳೆ ತಿಳಿಸುವವರು ಕಡಿಮೆಯಾಗುವರು. ತಿಳಿಸದ ಪಾಸ್‌ಪೋರ್ಟು ಯಾವ ಪಟ್ಟಿಗೂ ಏರದು. ಪ್ರಜೆಯ ತತ್ಪರತೆಯು ಸರಕಾರದ ಸೌಜನ್ಯವನ್ನು ಅವಲಂಬಿಸಿದೆಯೆಂಬ ಈ ಮಾತನ್ನು ವಿದೇಶಾಂಗ ಖಾತೆಯವರೂ ನಮ್ಮ ಪೋಲೀಸ್ ಅಧಿಕಾರಿಗಳೂ ಮನಸ್ಸಿಗೆ ತಂದುಕೊಳ್ಳುವರೆಂದು ಆಶಿಸುವೆವು.