ಮುಟ್ಟಬಾರದ್ದು, ಆಡಬಾರದ್ದು

ಮುಟ್ಟಿನ ಬಗ್ಗೆಯೋ ಮನೋರೋಗದ ಬಗ್ಗೆಯೋ ಬರೆಯಲು ಕೂತ ಕನ್ನಡ ಲೇಖಕರ ಲೇಖನಿಯಿಂದ ಈಗ ‘ಟ್ಯಾಬೂ’ ಎಂಬ ಪದ ಸಲೀಸಾಗಿ ಇಳಿಯುತ್ತದೆ. ನಾಲ್ಕು ಜನರೆದುರು ಎತ್ತಬಾರದ ವಿಷಯ ಎಂಬಷ್ಟೇ ಅದರ ಅರ್ಥ. ಪದದ ತವರಿನಲ್ಲಿ ಅದಕ್ಕೆ ನಾಚಿಕೆಗಿಂತ ಭಯಭಕ್ತಿಯ ನಂಟೇ ಹೆಚ್ಚು.

1777ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ತನ್ನ ಮೂರನೆಯ ಯಾನದಲ್ಲಿ ಪೆಸಿಫಿಕ್ ಸಾಗರದ ಟೋಂಗಾ ದ್ವೀಪಗಳಲ್ಲಿ ತಂಗಿದ್ದ. ತಿನ್ನಬಾರದ್ದು, ಮುಟ್ಟಬಾರದ್ದು ಯಾವುದನ್ನು ತೋರಿಸಿದರೂ ಅಲ್ಲಿನ ಜನ ‘ಟಪು’ ಎನ್ನುತ್ತಿದ್ದರು. ಸತ್ತ ಮುಖಂಡನ ಹೆಣ ಮುಟ್ಟಿದವನು ಕೆಲಕಾಲ ತನ್ನ ಕೈಯಾರೆ ಉಣ್ಣುವಂತಿಲ್ಲ, ಬೇರೆಯವರು ತುತ್ತಿಡಬೇಕು. ಹೆಣವೂ ಟಪು, ದೊರೆಯೂ ಟಪು. ದೂರ ನಿಲ್ಲುವುದು ಹೇಸಿಗೆಯಿಂದಷ್ಟೇ ಅಲ್ಲ, ಅದರೊಳಗಿನ ಶಕ್ತಿಗೆ ಅಂಜಿ. ಕುಕ್‌ನ ಯಾನದ ಕಥನ 1784ರಲ್ಲಿ ಅಚ್ಚಾಯಿತು, ಪದ ಇಂಗ್ಲಿಷಿನ ಪಾಲಾಯಿತು. ಅದರೊಳಗಿನ ಪವಿತ್ರದ ಪಾಲು ಬಹುಶಃ ಹಡಗಿನಿಂದ ಇಳಿಯಲೇ ಇಲ್ಲ. ಪವಿತ್ರವೂ ಅಪವಿತ್ರವೂ ಒಂದೇ ಪದದಲ್ಲಿ ಹೇಗೆ ಎಂಬ ಒಗಟನ್ನೇ ಹಿಡಿದು 1913ರಲ್ಲಿ ಫ್ರಾಯ್ಡ್ ‘ಟೋಟೆಮ್ ಅಂಡ್ ಟ್ಯಾಬೂ’ ಬರೆದ.

ನಿಘಂಟು ಕೊಡುವ ‘ನಿಷಿದ್ಧ’ದಲ್ಲಿ ಈ ಒಗಟಿಲ್ಲ, ಬರೀ ಕಟ್ಟಳೆಯಿದೆ. ಟಪುವಿಗೆ ಹತ್ತಿರದ್ದು ಮಡಿ-ಮೈಲಿಗೆಯ ಜೋಡಿ. ಮಡಿಯಲ್ಲಿದ್ದವರನ್ನೂ ಮುಟ್ಟುವಂತಿಲ್ಲ, ಸೂತಕದಲ್ಲಿದ್ದವರನ್ನೂ ಮುಟ್ಟುವಂತಿಲ್ಲ. ಮಾತಿಗೂ ಮಡಿಯುಂಟು: ಮುತ್ತೈದೆಯ ಕೈಬಳೆ ಒಡೆಯುವುದಿಲ್ಲ, ‘ಹೆಚ್ಚುತ್ತದೆ’. ಮನೆಯಿಂದ ಹೊರಟವರು ‘ಹೋಗ್ತೀನಿ’ ಅನ್ನುವುದಿಲ್ಲ, ‘ಬರ್ತೀನಿ’ ಅನ್ನುತ್ತಾರೆ. ಕತ್ತಲಾದ ಮೇಲೆ ಹಾವು ‘ಹುಳ’.

ಹೋಲಿಕೆ ಚಂದವಿದೆಯೆಂದು ಮರುಳಾಗುವಂತಿಲ್ಲ. ಯಾರು ಯಾರ ಜೊತೆ ಕೂತು ಉಣ್ಣಬೇಕು ಎಂಬಲ್ಲಿಗೆ ಬಂದಾಗ ಈ ಕಟ್ಟುಗಳ ಹಲ್ಲು ಕಾಣುತ್ತದೆ. ಇಲ್ಲಿ ಅದು ಜಾತಿಯ ಪಂಕ್ತಿಭೇದವಾಯಿತು. ಟಪುವಿನ ಒಡಹುಟ್ಟು ಪದವಾದ ‘ಕಪು’ವಿನ ಹೆಸರಲ್ಲಿ ಹವಾಯಿಯ ಹೆಂಗಸರು ಹಂದಿಮಾಂಸ, ತೆಂಗಿನಕಾಯಿ, ಹೆಚ್ಚಿನ ಬಗೆಯ ಬಾಳೆಹಣ್ಣು ಯಾವುದನ್ನೂ ತಿನ್ನುವಂತಿರಲಿಲ್ಲ, ಗಂಡಸರ ಜೊತೆ ಉಣ್ಣುವಂತೆಯೂ ಇರಲಿಲ್ಲ. ಮೀರಿದವರಿಗೆ ಸಾವಿನ ಶಿಕ್ಷೆಯೂ ಇತ್ತು. 1819ರಲ್ಲಿ ತಂದೆ ತೀರಿಕೊಂಡು ಪಟ್ಟಕ್ಕೆ ಬಂದ ಎಳೆಯ ದೊರೆ ಲಿಹೋಲಿಹೋ, ತಂದೆಯ ರಾಣಿಯರಲ್ಲೊಬ್ಬಳಾದ ಕಾಅಹುಮಾನುವಿನ ಒತ್ತಾಸೆಯಿಂದ, ಹೆಂಗಸರ ಪಂಕ್ತಿಯಲ್ಲಿ ಹೋಗಿ ಕೂತು ಎಲ್ಲರೆದುರು ಉಂಡ. ಹಿಂದೆಯೇ ಗುಡಿಗಳನ್ನು ಕೆಡವುವ ಅಪ್ಪಣೆ ಹೊರಟಿತು. ಇದು ಹೊರಗಿನವರು ಬಂದು ಬಿಡಿಸಿದ ಕಟ್ಟಲ್ಲ, ಮೊದಲ ಕ್ರೈಸ್ತ ಮಿಶನರಿಗಳು ಅಲ್ಲಿಗೆ ಬಂದಿಳಿದದ್ದು 1820ರಲ್ಲಿ. ಪದವಂತೂ ಸಾಯಲಿಲ್ಲ. ಹವಾಯಿಯ ಖಾಸಗಿ ಜಮೀನುಗಳ ಗೇಟಿನ ಮೇಲೆ ಈಗಲೂ ‘ಕಪು’ ಎಂಬ ಫಲಕ ಕಾಣುತ್ತದೆ. ಅಪ್ಪಣೆಯಿಲ್ಲದೆ ಒಳಗೆ ಬರಬೇಡಿ ಎಂದಷ್ಟೇ ಅದರ ಅರ್ಥ.